ಕುಳ್ಳ ರಾಕ್ಷಸನಿಗೆ ಕೊಟ್ಟ ದನಿ

ಅಪ್ಪಾ,

ಓದಲು ನೀನಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾನು ಕನ್ನಡಕ್ಕೆ ಡಬ್ಬಿಂಗ್ ಮಾಡುವ ಜಪಾನಿನ ಅನಿಮೆ ಕಾರ್ಟೂನ್ ಧಾರಾವಾಹಿಯಲ್ಲಿ ಒಬ್ಬ ಕುಳ್ಳ ರಾಕ್ಷಸನಿದ್ದಾನೆ. ದೊಡ್ಡ ಖಳನೂ ಅಲ್ಲ, ಖಳನ ಬಾಲಬಡುಕ. ಒಡೆಯನ ಕಾಲು ನೆಕ್ಕುತ್ತಾನೆ, ಕೈಲಾಗದವರ ಮೇಲೆ ಎಗರಾಡುತ್ತಾನೆ. ಅವನಿಗೆ ದನಿ ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ಮನೇಲಿ ಹುಲಿ, ಬೀದೀಲಿ ಇಲಿಯಾಗಿದ್ದ ನಿನ್ನ ಕೀರಲು ದನಿಯನ್ನೂ ಮೂಗಿನಲ್ಲಿ ನಗುವ ಆ ಹಾಳು ನಗೆಯನ್ನೂ ಎತ್ತಿ ಕೊಟ್ಟೆ. ನೋಡುವ ಮಕ್ಕಳು ಅವನಿಗೆ ಛೀ ಥೂ ಅನ್ನುತ್ತಾರಂತೆ. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು.

ಇವತ್ತು ಅವನು ಸತ್ತ. ಒಡೆಯನೇ ಒದ್ದು ಬೆಂಕಿಗೆ ತಳ್ಳಿದ. ನೀನು ಸಲಾಮು ಹೊಡೆದ ಸಾಹೇಬರೂ ನಿನಗೆ ಮಾಡಿದ್ದು ಅದನ್ನೇ. ಬೆಂಕಿಯಲ್ಲಿ ರಾಕ್ಷಸನಿಗಿದ್ದದ್ದು ಒಂದೇ ಮಾತು: "ಮಗಳೇ."

ಮೈಕಿನ ಮುಂದೆ ನಿಂತು ಕರೆದೆ. ಗಾಜಿನಾಚೆಯಿಂದ ನಿರ್ದೇಶಕರು, "ಗದರಿದ ಹಾಗಿದೆ ಕಣಮ್ಮಾ. ದನಿ ಅದೇ ಇರ್ಲಿ, ಸ್ವಲ್ಪ ಅಕ್ಕರೆ ಹಾಕು" ಎಂದರು. ಮತ್ತೆ ಕರೆದೆ. ಮತ್ತೆ ಗದರಿಕೆಯೇ ಬಂತು.

ನಿನ್ನ ದನಿಯಲ್ಲಿ ಅಕ್ಕರೆಯನ್ನು ನಾನು ಕೇಳಿದ್ದರೆ ತಾನೆ ಬರುವುದು? ಕೊನೆಗೆ ಬರೀ ತುಟಿಯಾಡಿಸಿ ಉಸಿರು ಬಿಟ್ಟೆ. ಅದನ್ನೇ ಒಪ್ಪಿಕೊಂಡರು.

ಹಿಗ್ಗಬೇಡ. ಆಸ್ಪತ್ರೆಯಲ್ಲಿ ಕೊನೆಗೆ ನೀನು ನನ್ನನ್ನೇ ಕರೆದೆಯೆಂದು ಅಮ್ಮ ಮಾತೆತ್ತಿದಾಗಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ಇವತ್ತು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೇಳಿದೆ: "ಅಪ್ಪ ಹೇಗೆ ಕರೆದ? ಒಂದ್ಸಲ ಕರೆದು ತೋರ್ಸು."

ಅಮ್ಮ ಕರೆದಳು, ಮತ್ತೆ ಮತ್ತೆ ಕರೆದಳು ಪಾಪ. ಅವಳಿಗೆ ನಿನ್ನ ದನಿ ಬರುವುದಿಲ್ಲ.