ಲೆಕ್ಕಕ್ಕೆ ಸಿಗದ ಬು ಸರಿನೆಮ್

ಯೋಗ್ಯಕರ್ತ, ಇಂಡೋನೇಷ್ಯಾ, ಅಕ್ಟೋಬರ್ ೧೪, ಮಂಗಳವಾರ

ವ್ಯಾಪಾರ ಅರ್ಥಶಾಸ್ತ್ರದ ಪ್ರಬಂಧ ಇವತ್ತೂ ವಾಪಸ್ಸು ಬಂತು. ಅಕ್ಕಪಕ್ಕ ಕೂತು ಗುಡೆಗ್ ಎಂಬ ಹಲಸಿನಕಾಯಿ ಪಲ್ಯ ಮಾರುವವರು ಗಿರಾಕಿಗಾಗಿ ಪೈಪೋಟಿ ನಡೆಸುತ್ತಾರೆ ಎಂಬುದು ನನ್ನ ಸೂತ್ರ. ನಾನು ದಿನಾ ತಿಂಡಿ ತಿನ್ನುವ ಗುಡೆಗ್ ಅಂಗಡಿಯ ಬು ಸರಿನೆಮ್ (ಇಲ್ಲಿ 'ಬು' ಅಂದರೆ ಅಮ್ಮ) ನೋಡಿದರೆ ತಮ್ಮ ಮುಂದೆ ನಿಂತ ಗಿರಾಕಿಯನ್ನೇ ಪಕ್ಕದವಳ ಹತ್ತಿರ ಕಳಿಸಿದರು. ಯಾಕೆಂದು ಕೇಳಿದ್ದಕ್ಕೆ, "ಅವಳಿಗಿನ್ನೂ ಬೋಣಿ ಆಗಿಲ್ವಲ್ಲೇ! ಎಂ.ಎ. ಓದ್ತೀಯ, ಅಷ್ಟೂ ಗೊತ್ತಾಗಲ್ವಾ?" ಎಂದು ನಕ್ಕರು.

ಪ್ರಬಂಧ ತಿದ್ದುವ ನಮ್ಮ ಮೇಷ್ಟ್ರು ಇದನ್ನು ಓದಿ ನಗಲಿಲ್ಲ. "ಅದೊಂದು ಅಪವಾದ ಕಣಮ್ಮ, ತೆಗೆದುಹಾಕು. ಈ ತಿಂಗಳೇ ಮುಗಿಸ್ಬೇಕು ತಾನೇ?"

ಇನ್ನೊಂದು ಸಲ ತಿದ್ದುವ ತ್ರಾಣ ನನಗಿಲ್ಲ. ಬು ಸರಿನೆಮ್ ಅವರ ಮಾಹಿತಿ ಅಳಿಸಿದೆ. ಸೂತ್ರ ತಟ್ಟನೆ ಸರಿಹೋಯಿತು. ಸಂತೋಷವಾಗಬೇಕಿತ್ತು, ಬರೀ ಕಣ್ಣುರಿ.

ಬೆಳಗ್ಗೆ ತಿಂಡಿಗೆ ಮತ್ತೆ ಅಲ್ಲಿಗೇ ಹೋಗಬೇಕು. ಬಾಳೆ ಎಲೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿ, "ನಿನ್ನ ಪುಸ್ತಕದಲ್ಲಿ ನಾನೂ ಇದೀನಿ ತಾನೇ?" ಎಂದು ಕೇಳಿಯೇ ಕೇಳುತ್ತಾರೆ.