ಬಳೆಯಲ್ಲಿ ಕಂಡ ತಾಮ್ರ

ಬೆಂಗಳೂರು
14-3-1989

ನನ್ನ ತಾಹಿರಾ ಆಪಾಗೆ ಷಮೀಮಳ ಸಲಾಂ.

ಅಬ್ಬಾಗೆ ಉರ್ದು ಬಿಟ್ಟು ಬೇರೆ ಓದಲು ಬರುವುದಿಲ್ಲ. ಅದಕ್ಕೇ ನಮ್ಮ ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಳೆ ಶಿಡ್ಲಘಟ್ಟಕ್ಕೆ ಹೊರಟಿರುವ ಬಷೀರ್ ಮಾಮೂ ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಓದಿದ ಕೂಡಲೇ ಅಬ್ಬಾರನ್ನು ತಡೆ. ಶುಕ್ರವಾರ ಅವರು ಚಿಂತಾಮಣಿಗೆ ಹೋಗಿ, ನಿಶ್ಚಿತಾರ್ಥದ ಮಂಗನಿಯಲ್ಲಿ ನಿನ್ನ ಅತ್ತೆಯಾಗುವ ಜಾನ್ ಬೀ ತೊಡಿಸಿದ ಬಳೆಯನ್ನು ವಾಪಸ್ಸು ಕೊಟ್ಟು ಸಂಬಂಧ ಮುರಿಯಬಾರದು. ಅದು ಚಿನ್ನವೇ ಆಪಾ. ತಪ್ಪು ನನ್ನದು.

ಯಾರೋ ಅದು ಗಿಲೀಟಿನ ಬಳೆ ಎಂದು ಅಬ್ಬಾರ ಕಿವಿಯಲ್ಲಿ ಊದಿದ್ದರು. ಪೇಟೆಯಲ್ಲಿ ಒರೆಗೆ ಹಚ್ಚಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಹಾಗಾಗಿ ನನ್ನ ಲ್ಯಾಬಿಗೆ ತಂದರು. ಬಳೆಯ ಕೊಕ್ಕೆಯ ತುದಿಯಲ್ಲಿ ಸಣ್ಣ ಚೂರು ಕತ್ತರಿಸಿಕೊಂಡು ಬಳೆಯನ್ನು ಅವರಿಗೇ ಕೊಟ್ಟೆ.

ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಚೂರನ್ನಿಟ್ಟು, ಒಂದಿಷ್ಟು ಗ್ಯಾಸ್ ಬಿಟ್ಟು, ಕರೆಂಟು ಕೊಡುತ್ತೇವೆ. ಗ್ಯಾಸಿನ ಅಯಾನುಗಳು ಲೋಹಕ್ಕೆ ಬಡಿದು ಅದರ ಪರಮಾಣುಗಳನ್ನು ಕಿತ್ತು ಹಾರಿಸುತ್ತವೆ. ಅವುಗಳಲ್ಲಿ ಕೆಲವು ಎಲೆಕ್ಟ್ರಾನ್ ಕಳೆದುಕೊಂಡು ತಾವೂ ಅಯಾನುಗಳಾಗುತ್ತವೆ, ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ. ಒಂದೊಂದು ಲೋಹದ ಬೆಳಕು ಒಂದೊಂದು ಥರ. ಅವತ್ತು ಯಾವಾಗಲೂ ಬಿಡುವ ಆರ್ಗಾನ್ ಗ್ಯಾಸ್ ಮುಗಿದಿತ್ತು, ನಿಯಾನ್ ಬಿಟ್ಟೆ. ಯಂತ್ರದ ಕಾಗದದ ಮೇಲೆ ತಾಮ್ರದ ಗೆರೆಗಳು ಎದ್ದು ನಿಂತವು.

ನಿಯಾನ್ ಅಯಾನು ತಾಮ್ರದ ಎಲೆಕ್ಟ್ರಾನ್ ಕಸಿಯುವಾಗ ಮಿಗುವ ಶಕ್ತಿ ತಾಮ್ರಕ್ಕೆ ಅಳತೆಗೆ ಹೊಲಿಸಿದಂತೆ ಹೊಂದುತ್ತದೆ. ಹಾಗಾಗಿ ಚೂರೇ ಚೂರು ತಾಮ್ರವಿದ್ದರೂ ಅದರ ಅಯಾನು ಮಿತಿಮೀರಿ ಬೆಳಗುತ್ತದೆ. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಜೋರಾಗಿ ಕೂಗುವವನ ಹತ್ತಿರವೇ ಹೆಚ್ಚು ಗೂಡು ಇರುವುದಿಲ್ಲವಲ್ಲ, ಹಾಗೆ. ಒಡವೆ ಗಟ್ಟಿಯಾಗಲೆಂದು ಚಿನ್ನಕ್ಕೆ ತುಸು ತಾಮ್ರ ಎಲ್ಲರೂ ಸೇರಿಸುತ್ತಾರೆ. ಅಮ್ಮಿ ಕೊಟ್ಟ ನನ್ನ ಓಲೆಯ ತಿರುಪನ್ನೇ ಇಟ್ಟು ನೋಡಿದೆ. ಅದರಲ್ಲೂ ತಾಮ್ರ ಹಾಗೇ ಬೆಳಗಿತು, ಚಿನ್ನದ ಗೆರೆಗಳೂ ಎರಡರಲ್ಲೂ ಒಂದೇ ಸಮ ಇದ್ದವು.

ಆದರೆ ನಾನು ಎದುರುಮನೆಯ ಫೋನಿಗೆ ಕರೆ ಮಾಡಿ, ಬಳೆಯಲ್ಲಿ ತಾಮ್ರ ಕಂಡಿತೆಂದು ಅಬ್ಬಾಗೆ ಹೇಳಿಬಿಟ್ಟಿದ್ದೆ. ಆಮೇಲೆ ನೀನು ಫೋನ್ ತೆಗೆದುಕೊಂಡೆ. "ನೀನು ನೋಡಿದ್ಮೇಲೆ ಸುಳ್ಳಿರಲ್ಲ ಬಿಡೇ ಷಮ್ಮೀ" ಅಂದೆ. ಅಳಲಿಲ್ಲ, ಅಮ್ಮಿಗೆ ಔಷಧಿ ಕುಡಿಸುವ ಹೊತ್ತಾಯಿತೆಂದು ಹೊರಟೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಜಾನ್ ಬೀ ಖಾಲಾರ ಮೇಲೆ ಮೋಸದ ಆರೋಪ ಹೊರಿಸಿದ್ದೇನೆ. ನಿನ್ನನ್ನು ಮದುವೆಯಾಗುವ ಖಾಜಾ ಪೀರ್ ಭಾಯಿಗೆ ಇದು ತಿಳಿಯುವ ಮೊದಲೇ ಮುಗಿಸು. ಕೊಕ್ಕೆಯನ್ನು ನಾನೇ ಸರಿ ಮಾಡಿಸಿಕೊಡುತ್ತೇನೆ.

ನಿನ್ನ ತಂಗಿ,
ಷಮೀಮ್

ತಾ.ಕ.: ತಿರುಪನ್ನು ಇಟ್ಟು ನೋಡಿದ್ದು ಫೋನ್ ಮಾಡಿದ ಮೇಲಲ್ಲ ಆಪಾ, ಮಾಡುವ ಮೊದಲು. ನೀನು ಮದುವೆಯಾಗಿ ಹೋದರೆ ಹಾಸಿಗೆ ಹಿಡಿದ ಅಮ್ಮಿಯನ್ನು ನೋಡಿಕೊಳ್ಳಲು ನನ್ನನ್ನು ಲ್ಯಾಬ್ ಬಿಡಿಸಿ ಕರೆಸುತ್ತಾರೆಂದು ಗೊತ್ತಿತ್ತು. ತಾಮ್ರ ಕಂಡಿತೆಂದು ಹೇಳಿದ್ದು ಸುಳ್ಳಲ್ಲ, ಅಷ್ಟನ್ನೇ ಹೇಳಿದೆ. ಅಬ್ಬಾಗೆ ಇದನ್ನು ಉರ್ದುವಿನಲ್ಲಿ ಓದಿ ಹೇಳು. ಗ್ಯಾಸಿನ ವಿಷಯ ಬಿಟ್ಟರೂ ಸರಿ, ಈ ಕೊನೆಯ ಮಾತು ಬಿಡಬೇಡ.