ಉಜ್ಜಿದ ಉಳಿಗಳು

ಸುಂಟಿಕೊಪ್ಪ,
ಭಾನುವಾರ

ಅಣ್ಣನಿಗೆ,

ಹೋಂಸ್ಟೇ ಬಾಗಿಲಿಗೆ ಹಳೇ ಗಾಡಿಚಕ್ರ ಸಿಕ್ಕಿತು, ಇನ್ನು ಅಪ್ಪನ ಕುಲುಮೆಯ, ಕಬ್ಬಿಣ ಬಡಿಯುವ ಅಡಿಗಲ್ಲನ್ನು ವಾಪಸ್ ತರುತ್ತೇನೆ ಎಂದು ದೊಡ್ಡ ಉಪಕಾರ ಮಾಡುವವನಂತೆ ನೀನು ಫೋನಿನಲ್ಲಿ ಹೇಳಿದೆ. ತರಬೇಡ.

ನಿನ್ನ ಹೋಂಸ್ಟೇ ಅಲಂಕಾರಕ್ಕೆಂದು ಅದನ್ನು ಹೊತ್ತೊಯ್ದು, ನನಗೆ ಹೊಸದೊಂದನ್ನು ಕಳಿಸಿದವನು ನೀನು. ಕಾದ ಕಬ್ಬಿಣ ಕತ್ತರಿಸಲು ಉಳಿಯ ಬುಡ ಕೂರಿಸುವ ಚೌಕ ತೂತು ಹೊಸದರಲ್ಲಿ ಸಣ್ಣದು. ಅಪ್ಪ ಮಾಡಿಟ್ಟ ಒಂದು ಉಳಿಯೂ ಒಳಗಿಳಿಯಲಿಲ್ಲ. ಕೇಳಿದರೆ, "ಗ್ರೈಂಡರ್ ಇಲ್ವಾ? ಉಜ್ಜು, ಕೂರ್ತದೆ" ಅಂದೆ. ಕಾಫಿ ಗಿಡ ಸವರುವ ಕಪಾತಿನ ಕಾಲ, ಜನ ಕತ್ತಿ ತಟ್ಟಿಸಲು ಅಂಗಳದಲ್ಲಿ ನಿಂತಿದ್ದರು. ಹಲ್ಲು ಕಚ್ಚಿಕೊಂಡು ಎಲ್ಲ ಉಳಿಗಳ ಬುಡವನ್ನೂ ಉಜ್ಜಿ ಸಣ್ಣ ಮಾಡಿದೆ.

ಈಗ ಅವನ್ನು ಅಪ್ಪನ ಅಡಿಗಲ್ಲಿನ ದೊಡ್ಡ ತೂತಿಗೆ ಹಾಕಿದರೆ ಲಟಲಟ ಅಲ್ಲಾಡುತ್ತವೆ. ಉಜ್ಜಿದ ಕಬ್ಬಿಣ ಉಗುರಲ್ಲ ಅಣ್ಣ, ಮತ್ತೆ ಬೆಳೆಯುವುದಿಲ್ಲ.

ಅದು ನಿನ್ನಲ್ಲೇ ಇರಲಿ. ಹೂಕುಂಡ ಬೇಕಾದರೂ ಇಡು. ಆದರೆ ಗೆಸ್ಟುಗಳು ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸು. ಚಿಕ್ಕವನಿದ್ದಾಗ ಹಾಗೆ ಕೂತಿದ್ದಕ್ಕೆ ಅಪ್ಪ ಇಕ್ಕಳದಲ್ಲಿ ಕೊಟ್ಟ ಪೆಟ್ಟು ಮರೆತಿದ್ದರೆ, ನಾನೇ ಬಂದು ನೆನಪಿಸುತ್ತೇನೆ.

ಇಕ್ಕಳವನ್ನು ಉಜ್ಜಿಲ್ಲ. ಅಪ್ಪ ಬಿಟ್ಟುಹೋದ ಹಾಗೇ ಇದೆ.

ಕುಲುಮೆಯಿಂದ,
ನಿನ್ನ ತಂಗಿ
ಜಲಜಾಕ್ಷಿ